ಮೇ ಒಂದರ ಕೆಂಪು ರುಮಾಲು

ಈ ಸಲ ದಿಲೀಪ ಕಾಕಾ ತನ್ನ ಡೈರಿ ಕದ್ದು ಓದದೇ ಹೋಗಿಬಿಟ್ಟರೆ ಏನು ಗತಿ ಎಂಬುದೇ ರಾಜೇಶ್ರೀಯ ಚಿಂತೆ. ಯಾರ ಮುಂದೆ ಹೇಳಿದರೂ ನಕ್ಕಾರು. ಡೈರಿ ಬರೆಯುವ ಹುಡುಗಿಯರು ಅದನ್ನು ಹಾಸಿಗೆಯ ಕೆಳಗೋ ಟ್ರಂಕಿನ ತಳಕ್ಕೋ ಬಚ್ಚಿಡುತ್ತಾರೆ. ಇವಳು ಮಾತ್ರ ಮೇ ಒಂದರ ಮುಂಜಾನೆ ಗಾಜಿಪುರದ ಮನೆಯಲ್ಲಿ ಕನ್ನಡಿ ಮುಂದೆ ನಿಂತು, ಹೆಗಲ ಚೀಲದಿಂದ ಡೈರಿಯ ನೀಲಿ ಅಂಚು ಎಷ್ಟು ಹೊರಗಿದ್ದರೆ ಕಾಕಾನ ಕಣ್ಣಿಗೆ ಬಿದ್ದೀತು, ಎಷ್ಟು ಹೊರಗಿದ್ದರೆ ಬೇಕಂತಲೇ ಇಟ್ಟಂತೆ ಕಂಡೀತು ಎಂದು ಅಳೆಯುತ್ತಿದ್ದಳು.

"ಓದಬೇಕು ಅವ," ಎಂದು ಕನ್ನಡಿಯೊಳಗಿನ ತನಗೇ ತುಟಿ ಅಲುಗಿಸಿ ಹೇಳಿಕೊಂಡಳು. "ಎಲ್ಲಾರ ಮುಂದ ಓದಬೇಕು."

ಮೇ ಒಂದು ಅಂದರೆ ಊರಿಗೆಲ್ಲ ಸರಕಾರಿ ಸೂಟಿ. ಈ ಮನೆತನಕ್ಕೆ ಅದು ಹಬ್ಬ. ಅಜ್ಜ ಬದುಕಿದ್ದಾಗ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ. ಒಂದು ವರ್ಷ ಕಾರ್ಮಿಕರ ಮೆರವಣಿಗೆ ಮುಗಿಸಿ, ತಲೆಯ ಮೇಲಿನ ಕೆಂಪು ರುಮಾಲನ್ನೂ ಬಿಚ್ಚದೆ, "ಹಸಿವಾಗ್ಯಾದ, ಹಾಕು" ಎಂದು ತಾಟಿನ ಮುಂದೆ ಕೂತನಂತೆ. ಅವನ ಹೆಂಡತಿ, ಆಯಿ ಪುತಳಾಬಾಯಿ, ಒಲೆ ಮುಂದಿನಿಂದ ಏಳಲೇ ಇಲ್ಲ. "ದುಡಿಯವ್ರ ಹಬ್ಬ ಅಂತ ಬೀದಿ ತುಂಬ ಒದರಿ ಬಂದಿಯಲ್ಲ, ನಾ ಏನು ಕೂತು ತಿನ್ನಾಕತ್ತೀನಿ? ನನಗ ಸೂಟಿ ಯಾವಾಗ?" ಎಂದಳಂತೆ. ಅಜ್ಜ ತೆರೆದ ಬಾಯಿ ಮುಚ್ಚಿ, ಅಂಗಿ ತೋಳೇರಿಸಿ ಒಲೆ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅವತ್ತು ಎಲ್ಲರೂ ಕರಕಲು ರೊಟ್ಟಿ ತಿಂದರು. ಅವತ್ತಿನಿಂದ ಅದೇ ಕಟ್ಟಳೆಯಾಯಿತು.

ಮೇ ಒಂದಕ್ಕೆ ಹೆಣ್ಣುಮಕ್ಕಳು ಒಲೆ ಮುಟ್ಟುವಂತಿಲ್ಲ. ಅಡುಗೆ ಮಾಡುವುದು, ಬಡಿಸುವುದು, ಭಾಂಡೆ ತಿಕ್ಕುವುದು ಎಲ್ಲ ಗಂಡಸರದೇ. ಸಣ್ಣ ಮಕ್ಕಳೇ ಮುಕಾದಮರು. ಸೀಟಿ ಊದಿ ಊದಿ ದೊಡ್ಡವರಿಂದ ಕೆಲಸ ತೆಗೆಸಬೇಕು. ಕಮಲಾಪುರಕ್ಕೆ ಕೊಟ್ಟ ದೊಡ್ಡತ್ತಿಯ ಬಾಳೆತೋಟದಲ್ಲಿ ಇಪ್ಪತ್ತು ಮಂದಿ ಕೂಡುತ್ತಾರೆ. ಊಟವಾದ ಮೇಲೆ, ಯಾರ ಅಡುಗೆ ಎಲ್ಲಕ್ಕಿಂತ ಚೊಲೋ ಆಗಿತ್ತೋ ಅವರ ತಲೆಗೆ ಆಯಿ ತನ್ನ ಕೈಯಾರೆ ಅಜ್ಜನ ಕೆಂಪು ರುಮಾಲು ಕಟ್ಟುತ್ತಾಳೆ. ಆರು ವರ್ಷದಿಂದ ಅದನ್ನು ಕಟ್ಟಿಸಿಕೊಂಡವನು ಅಪ್ಪನ ತಮ್ಮ ದಿಲೀಪ ಕಾಕಾ ಒಬ್ಬನೇ. ಅವನ ಮಟನ್ ಸಾರಿನ ಮುಂದೆ ಉಳಿದ ಗಂಡಸರ ಅಡುಗೆ ದನದ ಮುಸುರೆ ಇದ್ದ ಹಾಗೆ.

ಹೋದ ವರ್ಷ ಅದೇ ರುಮಾಲು ತಲೆಗೆ ಸುತ್ತಿಕೊಂಡು ಕಾಕಾ ಅವಳ ಡೈರಿ ತೆರೆದಿದ್ದ. ನೀರು ಕುಡಿಯಲು ಎದ್ದು ಹೋದವಳು ತಿರುಗಿ ಬರುವಷ್ಟರಲ್ಲಿ ಬೇವಿನ ಮರದ ಕಟ್ಟೆ ಏರಿ, ಹೆಣ್ಣು ದನಿ ತೆಗೆದು ಓದುತ್ತಿದ್ದ. "ಇವತ್ತು ಸಿಟಿ ಬಸ್ಸಿನಲ್ಲಿ ಹೊಸ ಕಂಡಕ್ಟರ್ 'ಸ್ವಲ್ಪ ಮುಂದ ಸರೀರಿ' ಎಂದ. ಇಷ್ಟು ಮೆತ್ತಗೆ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ."

ಅಷ್ಟೇ ಇದ್ದದ್ದು. ಬಸ್ಸಿಳಿದ ಮೇಲೆ ಆ ಹುಡುಗನ ಮುಖವೂ ಅವಳಿಗೆ ನೆನಪಿರಲಿಲ್ಲ. ಆದರೆ ಅತ್ತೆಯರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಮಕ್ಕಳಿಗೆ ಅದೊಂದು ಆಟವೇ ಆಯಿತು. ಮದುವೆಗೆ ಹೋದರೂ, ತೊಟ್ಟಿಲಿಗೆ ಹೋದರೂ, ಅವಳನ್ನು ಕಂಡ ಕೂಡಲೇ "ಮುಂದ ಸರೀರಿ, ಮುಂದ ಸರೀರಿ!" ಎಂದು ಸಾಲು ಕಟ್ಟಿ ಕುಣಿಯುತ್ತಿದ್ದವು. ನಗದೆ ಇದ್ದವನು ಅವಳ ಅಪ್ಪ ಚಂದ್ರಶಾ ಒಬ್ಬ. ಮರುದಿನ ಮುಂಜಾನೆ ಅವನು ಗಲ್ಲ ಕೆರೆಯುತ್ತಾ ಒಂದೇ ಮಾತು ಹೇಳಿದ್ದ: "ಇನ್ನ ಸೂಪರ್ ಮಾರ್ಕೆಟ್ ಕಡೆ ಹೋಗಾದು ಬ್ಯಾಡ. ಮನ್ಯಾಗ ಇರು."

ಸೂಪರ್ ಮಾರ್ಕೆಟ್ಟಿನ ಆ ಪುಸ್ತಕದಂಗಡಿಯ ಕೆಲಸ, ಬಿ.ಎ. ಮುಗಿಸಿದ ಮೇಲೆ ರಾಜೇಶ್ರೀ ತಾನಾಗಿ ಬಾಯಿಬಿಟ್ಟು ಕೇಳಿ ಪಡೆದಿದ್ದ ಒಂದೇ ಒಂದು ವಸ್ತು. ಅದನ್ನು ಕಾಕಾ ಎರಡು ಸಾಲು ಓದಿ ಕಿತ್ತುಕೊಂಡಿದ್ದ. ಕಿತ್ತುಕೊಂಡದ್ದು ಅವನಿಗೆ ಗೊತ್ತೂ ಇರಲಿಲ್ಲ. ಅವಳಿಗೆ ಹೆಚ್ಚು ಉರಿದದ್ದು ಅದಕ್ಕೇ. ಆ ಮೇಲೆ ವರ್ಷವೆಲ್ಲ ಅವಳು ಡೈರಿಯ ಹಾಳೆಗಳಲ್ಲಿ ಕಾಕಾನನ್ನು ಬಗೆಬಗೆಯಾಗಿ ಕೊಂದಳು. ಬಾವಿಗೆ ತಳ್ಳಿದಳು. ಸಂತೆಯಲ್ಲಿ ಧೋತರ ಬಿಚ್ಚಿಸಿದಳು. ಒಂದೂ ಸಮಾಧಾನ ಕೊಡಲಿಲ್ಲ.

ಈ ಮಾರ್ಚಿನಲ್ಲಿ ದೇವರೇ ಕೊಟ್ಟಂತೆ ಒಂದು ಹತಾರ ಕೈಗೆ ಬಂತು. ಕಾಕಾನ ಹೆಂಡತಿ ಶಿವಕಾಂತಮ್ಮ ಕಾಕಿಗೆ ಜ್ವರ ಬಂದಿತ್ತು. ದವಾಖಾನೆಯಿಂದ ಆಟೊದಲ್ಲಿ ಕರೆದುಕೊಂಡು ಬರುವಾಗ, ಅವಳ ಹೆಗಲ ಮೇಲೆ ತಲೆ ಇಟ್ಟು ಕಾಕಿ ಗೊಣಗಿದ್ದಳು. "ಮೇ ಒಂದು ಬಂದೇಬಿಡ್ತು ನೋಡು. ಈ ಸಲ ಮೂರಕ್ಕ ಏಳಾದು ನನ್ನ ಕೈಲೆ ಆಗ್ತದೋ ಇಲ್ಲೋ."

"ಮೂರಕ್ಕ ಯಾಕ ಏಳ್ತಿ ಕಾಕಿ?"

"ಸಾರು ಮಾಡಾಕ. ನಿಮ್ಮ ಕಾಕಾಗ ಉಳ್ಳಾಗಡ್ಡಿ ಹೆಚ್ಚಾಕೂ ಬರಂಗಿಲ್ಲ, ಹುಚ್ಚಿ." ಕಾಕಿ ಕಣ್ಣು ಮುಚ್ಚಿಕೊಂಡೇ ನಕ್ಕಳು. "ನಾ ಎಲ್ಲ ಬೇಯಿಸಿ ಕಟ್ಟಿ ಕೊಡ್ತೀನಿ. ಅವ ಮಸಾಲಿ ಹಚ್ಚಿದ ಹಸಿ ಮಟನ್ ಅಂತ ಹೇಳಿ ತಟಿಕಿ ಮರಿಗೆ ಒಯ್ದು ಬಿಸಿ ಮಾಡ್ತಾನ. ಯಾರ ಮುಂದನೂ ಅನಬ್ಯಾಡವ್ವ. ನನ್ನ ಮ್ಯಾಲ ಆಣಿ ಅದ."

ಆಣೆ ಇತ್ತು. ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ಬರೆಯಬಾರದು ಅಂತ ಕಾಕಿ ಅಂದಿರಲಿಲ್ಲವಲ್ಲ! ರಾಜೇಶ್ರೀ ಹದಿನೈದು ದಿನ ತಿದ್ದಿ ತೀಡಿ ಒಂದು ಹಾಳೆ ಬರೆದಳು. ಮೊದಲ ಮೂರು ಸಾಲು ಆ ಕಂಡಕ್ಟರನ ಮೇಲೆ ಕಟ್ಟಿದ ಸುಳ್ಳು, ಗಾಳದ ಹುಳು. ನಾಲ್ಕನೆಯ ಸಾಲಿನಲ್ಲಿ ಕೊಕ್ಕೆ: "ಇದನ್ನು ಓದುತ್ತಿರುವ ದಿಲೀಪನಿಗೆ ಆರು ವರ್ಷದಿಂದ ಸಿಕ್ಕ ರುಮಾಲು ಕದ್ದದ್ದು, ಆ ಸಾರು ಮಾಡಿದವಳು ಶಿವಕಾಂತಮ್ಮ." ಕಾಕಾ ಓದುವಾಗ ನಾಲಿಗೆ ಮುಂದೆ, ಬುದ್ಧಿ ಹಿಂದೆ. ತನ್ನ ಮಾನವನ್ನು ತನ್ನ ಬಾಯಿಂದಲೇ ಕಳೆದುಕೊಂಡ ಮೇಲೆಯೇ ಅವನಿಗೆ ಎಚ್ಚರವಾಗಬೇಕು. ಅವಳು ತುಟಿಪಿಟಕ್ಕೆನ್ನಬೇಕಾಗಿಯೂ ಇಲ್ಲ. ಆಣೆಯೂ ಮುರಿಯಲಿಲ್ಲ, ಸೇಡೂ ತೀರಿತು. ಇದರಲ್ಲಿ ಕಾಕಿಯ ಗತಿ ಏನಾದೀತು ಎಂಬ ಪ್ರಶ್ನೆ ಎರಡು ಮೂರು ಸಲ ಬಂದಿತ್ತು. ಬಂದಾಗಲೆಲ್ಲ ಅವಳು ಡೈರಿ ಮುಚ್ಚಿ ಮಲಗಿಬಿಡುತ್ತಿದ್ದಳು.

ಏಳಕ್ಕೆ ಓಣಿಯ ಬಾಯಿಗೆ ಕ್ರೂಸರ್ ಗಾಡಿ ಬಂದು ನಿಂತಿತು. ಕಾಕಾ ದೊಡ್ಡ ಅಲ್ಯುಮಿನಿಯಂ ಬೋಗುಣಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿ, ಮದುವಣಗಿತ್ತಿಯನ್ನು ಕೂರಿಸಿದಂತೆ ತನ್ನ ಕಾಲ ಸಂದಿಯಲ್ಲಿ ಕೂರಿಸಿಕೊಂಡಿದ್ದ.

"ಏ, ಯಾರೂ ಮುಟ್ಟಬ್ಯಾಡ್ರಿ! ನಿನ್ನಿ ಸಂಜಿಗೇ ಮಸಾಲಿ ಹಚ್ಚಿ ಇಟ್ಟೀನಿ. ಗಾಳಿ ತಾಗಿದ್ರ ಹದ ಕೆಡ್ತದ."

"ನಿಂದೇನಪಾ, ಕೈ ಅಲ್ಲ ಅದು, ಬಂಗಾರ," ಎಂದಳು ರಾಜೇಶ್ರೀಯ ಅವ್ವ ಮಲ್ಕಮ್ಮ. "ನಮ್ಮವ್ರಿಗೆ ಚಹಾ ಮಾಡು ಅಂದ್ರ ಹಾಲು ಒಡಸ್ತಾರ."

ಕಾಕಿ ಹಿಂದಿನ ಸೀಟಿನ ಮೂಲೆಗೆ ಒರಗಿ ಆಗಲೇ ನಿದ್ದೆ ಹೋಗಿದ್ದಳು. ಗಾಡಿ ಮಹಾಗಾಂವ ಕ್ರಾಸ್ ದಾಟುವಾಗ ಅವಳ ಸೆರಗು ಜಾರಿತು. ಬಲ ಮುಂಗೈಯ ಮೇಲೆ ಬೆರಳುದ್ದದ ಹೊಸ ಬೊಬ್ಬೆ. ಅದರ ಮೇಲೆ ಅರಿಶಿಣ ಮೆತ್ತಿತ್ತು. ರಾಜೇಶ್ರೀ ನೋಡಿದಳು. ನೋಡಿ, ಕಿಟಕಿಯ ಆಚೆ ಮುಖ ತಿರುಗಿಸಿದಳು.

ಅವಳ ತೊಡೆಯ ಮೇಲೆ ಕಾಕಾನ ಮಗ ಐದು ವರ್ಷದ ಮಾಳಿಂಗರಾಯ, ಪಕ್ಕಕ್ಕೆ ಮಗಳು ಎಂಟು ವರ್ಷದ ಭಾಗ್ಯಾ. ಮಾಳ್ಯಾ ಕೊರಳಲ್ಲಿ ಸೀಟಿ ಕಟ್ಟಿಕೊಂಡು, ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ ಕೇಳಿದ. "ರಾಜಕ್ಕಾ, ಮುಂದ ಸರೀರಿ ಅನ್ನಲೇನು?"

"ಅನ್ನು," ಎಂದಳು ಅವಳು. "ಇವತ್ತೊಂದ ದಿನ ಅನ್ನು."

ಕಮಲಾಪುರದಲ್ಲಿ ಒಂಬತ್ತಕ್ಕೇ ಬಿಸಿಲು ಬೆನ್ನ ಮೇಲೆ ಕಾದ ಹಂಚು ಇಟ್ಟಂತಿತ್ತು. ಬಾಳೆತೋಟದೊಳಗೆ ಮಾತ್ರ ನೀರು ಹಾಯಿಸಿದ ಮಣ್ಣಿನ ತಂಪು. ಗೊನೆಗಳಲ್ಲಿ ಕೆಂಪು ಬಾಳೆ ಬಣ್ಣ ಕಟ್ಟುತ್ತಿತ್ತು. ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಹೆಂಗಸರು ಮಹಾರಾಣಿಯರಂತೆ ಕಾಲು ಚಾಚಿದರು. ಮಾಳ್ಯಾ ಸೀಟಿ ಊದಿದ. "ಎಲ್ಲಾ ಗಂಡಸೂರು ಡ್ಯೂಟಿಗೆ!"

ಮುಂದಿನ ಎರಡು ತಾಸು ನೋಡುವಂಥದ್ದು. ಅಪ್ಪ ಜೋಳದ ಹಿಟ್ಟನ್ನು ಮೊಣಕೈವರೆಗೆ ಮೆತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದ; ಒಂದೊಂದೂ ಒಂದೊಂದು ದೇಶದ ನಕ್ಷೆ. ದೊಡ್ಡಮಾಮಾ ಮೆಣಸಿನಕಾಯಿ ಹೆಚ್ಚಿದ ಕೈಯಿಂದ ಕಣ್ಣು ಒರೆಸಿಕೊಂಡು ಬಾವಿಯ ಕಡೆ ಓಡಿದ. "ಏ ಮಾಮಾ, ಕೆಲಸ ಬಿಟ್ಟು ಓಡಾಕತ್ತಿ, ಪಗಾರ ಕಟ್!" ಎಂದು ಭಾಗ್ಯಾ ಬೆನ್ನು ಹತ್ತಿದಳು. ಆಯಿ ಬೊಚ್ಚು ಬಾಯಿ ತೆರೆದು ನಕ್ಕಳು. "ನೋಡ್ರೆ, ನೋಡಿ ಕಣ್ಣು ತಂಪು ಮಾಡ್ಕೋರಿ. ವರ್ಷಕ್ಕೊಮ್ಮೆ ಸಿಗ್ತದ ಇದು."

ತಟಿಕೆ ಕಟ್ಟಿ ಮರೆಮಾಡಿದ ಒಲೆಯ ಹಿಂದಿನಿಂದ ಕಾಕಾ ಮಾತ್ರ ಬೆವರೇ ಇಲ್ಲದೆ ಆಗಾಗ ಹೊರಗೆ ಬಂದು ಹೋಗುತ್ತಿದ್ದ. ಬೇವಿನ ಬುಡಕ್ಕೆ ಒರಗಿ ನಿದ್ದೆ ಹೋಗಿದ್ದ ಹೆಂಡತಿಯನ್ನು ತೋರಿಸಿ, "ನಮ್ಮಾಕಿ ನೋಡ್ರಿ, ಗಂಡ ಬೆಂಕ್ಯಾಗ ಬೇಯಾಕತ್ತಾನ, ಇಕಿ ಗೊರಕಿ ಹೊಡ್ಯಾಕತ್ತಾಳ. ಪ್ರತಿ ವರ್ಷ ಇದೇ ಹಣಿಬರ!" ಎಂದ. ಎಲ್ಲರೂ ನಕ್ಕರು. ಕಾಕಿ ಕಣ್ಣು ತೆರೆದು, ತಾನೂ ಒಂದಿಷ್ಟು ನಕ್ಕು, ಮತ್ತೆ ಮುಚ್ಚಿದಳು.

ರಾಜೇಶ್ರೀ ಚೀಲವನ್ನು ಜಮಖಾನೆಯ ಅಂಚಿಗಿಟ್ಟು, ಮಾಳ್ಯಾನಿಗೆ ನೀರು ಕುಡಿಸುವ ನೆವದಲ್ಲಿ ಎದ್ದಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಬೆನ್ನ ಹಿಂದೆ ಆ ದನಿ.

"ಅಕ್ಕಂದಿರೇ, ಅಣ್ಣಂದಿರೇ! ಹೋದ ವರ್ಷದ ಕಥಿ ಮುಂದುವರದದ!"

ಅವಳು ಬಾಳೆಯ ಮರೆಯಲ್ಲೇ ನಿಂತಳು. ಕಾಕಾ ಕಟ್ಟೆ ಏರಿದ್ದ. ಮಕ್ಕಳು ಸುತ್ತ ಮುತ್ತಿದ್ದವು. ಅವನು ತಲೆಯ ಮೇಲೆ ವಸ್ತ್ರ ಹೊದ್ದು, ಸೊಂಟ ಓರೆ ಮಾಡಿ ಓದತೊಡಗಿದ. "ಇವತ್ತು ಮತ್ತ ಅವನನ್ನು ಕಂಡೆ." ಹೋ ಎಂದರು ಮಕ್ಕಳು. "ಅವನು ಟಿಕೆಟ್ ಕೊಟ್ಟ. ನನ್ನ ಬೆರಳು ನಡುಗಿತು." ಅತ್ತೆಯರು ಒಬ್ಬರ ಮೈಮೇಲೊಬ್ಬರು ಬಿದ್ದರು. "ಇದನ್ನು ಓದುತ್ತಿರುವ..."

ನಿಂತ.

ರಾಜೇಶ್ರೀ ಬಾಳೆಯ ದಿಂಡನ್ನು ಬಿಗಿಹಿಡಿದಳು. ಹೇಳು. ಹೇಳು. ಇನ್ನೊಂದೇ ಹೆಸರು.

ಕಾಕಾನ ಕಣ್ಣು ಒಂದು ಸಲ ಹಾಳೆಯ ಮೇಲೆ ಇಳಿದು ಮೇಲೆ ಬಂತು. ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಆಮೇಲೆ ದನಿ ಇನ್ನೂ ತೆಳ್ಳಗೆ ಮಾಡಿ ಎತ್ತಿದ. "...ಇದನ್ನು ಓದುತ್ತಿರುವ ದೇವರೇ, ಇವತ್ತು ಅವನಿಗೆ ನನ್ನ ಮೊಬೈಲ್ ನಂಬರ್ ಕೊಟ್ಟೆ! ಅಪ್ಪಗ ಹೇಳಬ್ಯಾಡಪ್ಪಾ ದೇವರೇ!"

ಬೇವಿನ ಮರದ ಕಾಗೆಗಳೆಲ್ಲ ಹಾರುವಷ್ಟು ನಗು. ಆ ಗದ್ದಲದಲ್ಲೇ ಭಾಗ್ಯಾ ಕಾಕಾನ ಮೊಣಕೈ ಜಗ್ಗಿ ಹಾಳೆಯೊಳಗೆ ಇಣುಕಿದಳು. "ಅಪ್ಪಾ, ಅಲ್ಲಿ ಹಂಗ ಬರದಿಲ್ಲ. ಅವ್ವನ ಹೆಸರದ ಅಲ್ಲಿ. ಶಿ... ವ..."

"ಏ ಮುಕಾದಮ್, ನಿನ್ನ ಡ್ಯೂಟಿ ಅತ್ತಾಗದ, ನಡಿ!" ಕಾಕಾ ಅವಳ ತಲೆಗೊಂದು ಮೊಟಕಿದ. ಹಾಳೆಯನ್ನು ಪರ್ರನೆ ಹರಿದು, "ಒಲಿ ಆರಾಕತ್ತಾದ" ಎನ್ನುತ್ತಾ ತಟಿಕೆಯ ಹಿಂದೆ ನಡೆದ. ರೊಟ್ಟಿಯ ಹಂಚಿನ ಮುಂದೆ ಅಪ್ಪ ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದ. ಬಾಳೆಯ ಮರೆಯಿಂದ ಬಂದ ರಾಜೇಶ್ರೀಯನ್ನು ನೋಡಿ, ಮೆಲ್ಲಗೆ, "ಇನ್ನೂ ನಡದದೇನು ಅದು? ಮನಿಗೆ ನಡಿ, ಮಾತಾಡ್ತೀನಿ," ಎಂದ. ಅವಳು ಬಾಯಿ ತೆರೆದಳು. ಇಲ್ಲಪ್ಪ ಎನ್ನುವಷ್ಟರಲ್ಲಿ ಅಪ್ಪ ತಿರುಗಿ ಹಂಚಿನ ಕಡೆ ಬಗ್ಗಿದ್ದ.

ತಟಿಕೆಯ ಮರೆಯಿಂದ ಕಾಕಾ ಬಿಂದಿಗೆ ಹಿಡಿದು ಬಂದವನು, ಅವಳ ಪಕ್ಕಕ್ಕೆ ಒಂದು ಗಳಿಗೆ ನಿಂತ. ಮುಖದ ಮೇಲೆ ಅದೇ ನಗು. "ಭಾಳ ಶ್ಯಾಣ್ಯಾಕಿ ಆಗೀದಿ. ಬರದದ್ದು ಸುಟ್ಟು ಬೂದಿ ಆಯ್ತು ನೋಡವ್ವ. ಇನ್ನ ಬಾಯಿಲೆ ಹೇಳಬೇಕು. ನಿನಗ ಬಾಯಿ ಎಲ್ಲೇದ?" ಎಂದು ಬಾವಿಯ ಕಡೆ ಹೋದ.

ಅವಳಿಗೆ ಕಣ್ಣು ಕತ್ತಲೆ ಬಂತು. ಅಳುವಲ್ಲ, ಬೆಂಕಿ. ಅಪ್ಪನ ಹಿಟ್ಟಿನ ಪರಾತದ ಪಕ್ಕದಲ್ಲಿ ಉಪ್ಪಿನ ಡಬ್ಬಿ ಇತ್ತು. ಕೈ ತಾನಾಗಿ ಅದರೊಳಗೆ ಹೋಯಿತು. ಮುಷ್ಟಿ ತುಂಬ ಉಪ್ಪು ಹಿಡಿದು ತಟಿಕೆಯ ಹಿಂದೆ ನುಗ್ಗಿದಳು. ಒಂದೇ ಮುಷ್ಟಿ ಸಾಕು. ಇಪ್ಪತ್ತು ಮಂದಿ ಥೂ ಎಂದು ಉಗುಳಲಿ. ಆರು ವರ್ಷದ ಹೆಸರು ಒಂದು ತುತ್ತಿನಲ್ಲಿ ಮಣ್ಣಾಗಲಿ.

ಮುಚ್ಚಳ ಸರಿಸಿದಳು. ಒಣಕೊಬ್ಬರಿ, ಗಸಗಸೆ, ಹುರಿದ ಉಳ್ಳಾಗಡ್ಡಿಯ ಹಬೆ ಮುಖಕ್ಕೆ ಹೊಡೆಯಿತು. ಅದು ಕಾಕಿಯ ಸೀರೆಯ ವಾಸನೆ. ಮಾರ್ಚಿನ ಆಟೊದಲ್ಲಿ ಜ್ವರದ ಬಿಸಿಯೊಂದಿಗೆ ಅವಳ ಹೆಗಲಿಗೆ ಒರಗಿದ್ದ ವಾಸನೆ. ಇದರಲ್ಲಿ ಉಪ್ಪು ಸುರಿದರೆ ಕೆಡುವುದು ಕಾಕಾನದೇನು? ಅವನು ಬೆಂಕಿ ಊದಿದ್ದು ಬಿಟ್ಟರೆ ಈ ಬೋಗುಣಿಯಲ್ಲಿ ಅವನದೇನಿದೆ? ಸುಟ್ಟ ಕೈಯಿಂದ ತಿರುವಿದವಳ ದುಡಿಮೆಗೇ ತಾನು ಮಣ್ಣು ಹಾಕಲು ಬಂದಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣಬೇಕಾದವನು ಇನ್ನೊಬ್ಬ.

"ರಾಜಕ್ಕಾ!" ತಟಿಕೆಯ ಸಂದಿಯಿಂದ ಮಾಳ್ಯಾನ ಕಣ್ಣು. ಸೀಟಿ ಊದಿಯೇಬಿಟ್ಟ. "ಹೆಣ್ಮಕ್ಕಳು ಒಲಿ ಹಂತೇಲಿ ಬರಂಗಿಲ್ಲ! ದಂಡ!"

"ಬರಂಗಿಲ್ಲಪಾ," ಎಂದಳು ರಾಜೇಶ್ರೀ. ಉಪ್ಪನ್ನು ಮಣ್ಣಿಗೆ ಚೆಲ್ಲಿ ಕೈ ಝಾಡಿಸಿಕೊಂಡಳು. ಬೆವರಿಗೆ ಅಂಟಿದ ಹರಳುಗಳು ಹಾಗೇ ಉಳಿದವು. ಒಲೆಯಲ್ಲಿ ತನ್ನ ಅಕ್ಷರ ಇನ್ನೂ ಕಾಣುತ್ತಿದ್ದ ಒಂದು ಕಪ್ಪು ಚೂರು ಮಡಿಚಿಕೊಂಡು ಉದುರಿತು.

ಊಟಕ್ಕೆ ಬಾಳೆಲೆ ಬಿದ್ದವು. ಗಂಡಸರು ಬಡಿಸಿದರು. ಅಪ್ಪನ ನಕ್ಷೆಯ ರೊಟ್ಟಿಗಳನ್ನೂ ದೊಡ್ಡಮಾಮಾನ ಬೆಂಕಿ ಪಲ್ಯವನ್ನೂ ಹೆಂಗಸರು ಅಣಕಿಸುತ್ತಲೇ ತಿಂದರು. ಸಾರು ಬಂದಾಗ ಮಾತು ನಿಂತಿತು. ಬರೀ ಸೊರ್ ಸೊರ್ ಎಂಬ ಸಪ್ಪಳ.

"ಏ ಶಿವಕಾಂತಾ, ನಿದ್ದಿ ಆಮ್ಯಾಲ ಮಾಡುವಂತಿ. ನಿನ್ನ ಗಂಡ ಮಾಡಿದ್ದು ಹ್ಯಾಂಗಾಗ್ಯಾದ ಹೇಳು," ಎಂದ ಕಾಕಾ, ಸೌಟು ಹಿಡಿದು ಅವಳ ಎಲೆಯ ಮುಂದೆ ಬಗ್ಗಿ.

ಕಾಕಿ ಎಡಗೈಯಿಂದ ಊಟ ಮಾಡುವಂತಿರಲಿಲ್ಲ. ಸುಟ್ಟ ಬಲಗೈ ಮುಷ್ಟಿಯಾಗಿ ಸೆರಗಿನೊಳಗೇ ಇತ್ತು. ಎಲೆ ಮುಟ್ಟದೆಯೇ ಹೇಳಿದಳು: "ಚೊಲೋ ಆಗ್ಯಾದ್ರಿ."

ಆ 'ರಿ' ರಾಜೇಶ್ರೀಯ ಎದೆಗೆ ಮುಳ್ಳಿನಂತೆ ನಾಟಿತು.

ಊಟ ಮುಗಿಯಿತು. ಆಯಿ ದೊಡ್ಡತ್ತಿಯ ಹೆಗಲು ಹಿಡಿದು ಎದ್ದು, ಸೊಂಟದ ಚೀಲದಿಂದ ಮಾಸಿದ ಕೆಂಪು ರುಮಾಲು ತೆಗೆದು ಕೊಡವಿದಳು. ವರ್ಷದ ಪದ್ಧತಿಯಂತೆ ಕೇಳಿದಳು. "ಯಾರಿಗೆ ಕಟ್ಟಲೆವ್ವ?"

"ದಿಲೀಪಗ!" ಎಂದರು ಎಲ್ಲ. ಕಾಕಾ ತಲೆಗೂದಲು ಹಿಂದಕ್ಕೆ ತೀಡಿಕೊಂಡು ಬಂದು ಆಯಿಯ ಮುಂದೆ ಮೊಣಕಾಲೂರಿದ.

"ಬ್ಯಾರೆ ಯಾರರ ಹೆಸರು ಹೇಳವ್ರು ಅದಾರೇನು?" ಮೂರು ಸಲ ಕೇಳಬೇಕು, ಅಜ್ಜನ ಕಾರ್ಮಿಕ ಸಂಘದ ರಿವಾಜು. ಯಾವ ವರ್ಷವೂ ಯಾರೂ ಏನೂ ಹೇಳಿದ್ದಿಲ್ಲ. "ಅದಾರೇನು?" ಎರಡನೆಯ ಸಲ. ರಾಜೇಶ್ರೀ ಕಾಕಿಯ ಕಡೆ ನೋಡಿದಳು. ಕಾಕಿ ಅವಳನ್ನೇ ನೋಡುತ್ತಿದ್ದಳು. ಇವತ್ತು ಮೊದಲ ಬಾರಿಗೆ ಆ ಕಣ್ಣುಗಳಲ್ಲಿ ನಿದ್ದೆ ಇರಲಿಲ್ಲ. ಹೇಳು ಎಂದೂ ಇರಲಿಲ್ಲ, ಬೇಡ ಎಂದೂ ಇರಲಿಲ್ಲ. ಸೆರಗಿನೊಳಗಿಂದ ಕೈ ಮಾತ್ರ ಮೆಲ್ಲಗೆ ಹೊರಗೆ ಬಂದು, ಬೊಬ್ಬೆ ಮೇಲಾಗಿ, ತೊಡೆಯ ಮೇಲೆ ಕೂತಿತು.

"ಅದಾರೇನು?" ಮೂರನೆಯ ಸಲ. ಆಯಿ ರುಮಾಲು ಎತ್ತಿದಳು.

"ಆಯಿ."

ದನಿ ಎಷ್ಟು ಒಡೆದಿತ್ತೆಂದರೆ ಯಾರದು ಎಂದು ನಾಲ್ಕು ಮಂದಿ ಹಿಂದೆ ನೋಡಿದರು. ರಾಜೇಶ್ರೀ ನಿಂತಿದ್ದಳು. ಮಾಳ್ಯಾ ಅಭ್ಯಾಸದಂತೆ, "ಮುಂದ ಸರೀರಿ!" ಎಂದ. ಅವಳು ಮುಂದೆ ಸರಿದಳು.

"ಜೋರಲೆ ಹೇಳವ್ವ, ನನಗ ಕಿವಿ ಕೇಳಸಂಗಿಲ್ಲ," ಎಂದಳು ಆಯಿ.

"ಡೈರಿ ಓದಿದ್ದಕ್ಕ ಸಿಟ್ಟಿಗೆ ಬಂದಾಳ ಬಿಡವ್ವಾ, ಹುಡುಗಿ," ಎಂದ ಕಾಕಾ ಮೊಣಕಾಲ ಮೇಲಿಂದಲೇ. ನಕ್ಕ. ಆದರೆ ಕಿವಿಯ ಹಿಂದಿನಿಂದ ಅವನಿಗೆ ಅವತ್ತಿನ ಮೊದಲ ಬೆವರು ಇಳಿಯಿತು. ಅದನ್ನು ಅವಳು ನೋಡಿದಳು. ವರ್ಷವೆಲ್ಲ ಬರೆದ ಬಾವಿ, ಸಂತೆ, ಧೋತರಗಳಿಗಿಂತ ಆ ಒಂದು ಹನಿ ರುಚಿಯಾಗಿತ್ತು.

"ಹೌದು, ಸಿಟ್ಟಿಗೇ ಹೇಳಾಕತ್ತೀನಿ ಆಯಿ," ಎಂದಳು ರಾಜೇಶ್ರೀ, ತೋಟದ ಆಚೆ ದಂಡೆಗೂ ಕೇಳುವಂತೆ. "ಆದ್ರ ಖರೇ ಹೇಳಾಕತ್ತೀನಿ. ಆರು ವರ್ಷದಿಂದ ಈ ಸಾರು ಮಾಡಾಕಿ ಕಾಕಿ."